ಯುದ್ಧದಿಂದ ನೆಲೆ ತಪ್ಪಿದ ಉಕ್ರೇನಿನ ಶಿಕ್ಷಕರ ಉದ್ಯೋಗ ನಿಯಮಗಳು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ರಷ್ಯಾ ಪೂರ್ಣ ಪ್ರಮಾಣದ ದಾಳಿ ಆರಂಭಿಸಿದ 2022ರ ಫೆಬ್ರುವರಿ 24ರಂದೇ ಉಕ್ರೇನಿನಲ್ಲಿ ಸೇನಾ ಕಾನೂನು ಜಾರಿಗೆ ಬಂದಿತು. ಅಲ್ಲಿಂದೀಚೆಗೆ ಖೆರ್ಸಾನ್, ಮರಿಯುಪೋಲ್, ಲುಹಾನ್ಸ್ಕ್ ಮೊದಲಾದ ಕಡೆಗಳಿಂದ ಊರು ಬಿಟ್ಟು ಹೊರಟ ಶಿಕ್ಷಕರ ಮುಂದೆ ವಸತಿಯಷ್ಟೇ ತುರ್ತಾಗಿ ಇನ್ನೊಂದು ಪ್ರಶ್ನೆಯೂ ಇದೆ: ಹಿಂದಿನ ಶಾಲೆಯ ಕೆಲಸ ಇನ್ನೂ ತಮ್ಮದೇ, ಅದರ ಸಂಬಳ ಬರುತ್ತದೆಯೇ, ಹೊಸ ಊರಿನಲ್ಲಿ ಬೇರೆ ಶಾಲೆ ಸೇರಬಹುದೇ? ಈ ಪ್ರಶ್ನೆಗಳಿಗೆ ಉತ್ತರ ಒಂದೇ ಕಾನೂನಿನಲ್ಲಿಲ್ಲ. ಹಳೆಯ ಕಾರ್ಮಿಕ ಸಂಹಿತೆ, ಶಿಕ್ಷಣ ಕಾನೂನು, ಸ್ಥಳಾಂತರಿತರ ಕಾನೂನು ಮತ್ತು ಯುದ್ಧಕಾಲದ ವಿಶೇಷ ಕಾನೂನುಗಳಲ್ಲಿ ಹಂಚಿಹೋಗಿದೆ. ಪರಿಹಾರ ಸಂಸ್ಥೆಗಳಲ್ಲಿ ದುಡಿಯುವವರಿಗೆ, ಕಾರ್ಮಿಕ ಕಾನೂನಿನ ವಿದ್ಯಾರ್ಥಿಗಳಿಗೆ ಮತ್ತು ಅಂಥ ಶಿಕ್ಷಕರನ್ನು ಬಲ್ಲವರಿಗೆ ಉಪಯೋಗವಾಗಲೆಂದು, ಒಬ್ಬ ಸ್ಥಳಾಂತರಿತ ಶಿಕ್ಷಕಿ ಯಾವ ಕ್ರಮದಲ್ಲಿ ಹೆಜ್ಜೆ ಇಡಬೇಕೋ ಅದೇ ಕ್ರಮದಲ್ಲಿ ಈ ನಿಯಮಗಳನ್ನು ಇಲ್ಲಿ ಜೋಡಿಸಲಾಗಿದೆ.

ಕ್ರಮಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಊರು ಬಿಟ್ಟವರು ಗಾಬರಿಯಲ್ಲಿ ಮೊದಲು ಮಾಡುವ ಕೆಲಸ ರಾಜೀನಾಮೆ ಕೊಡುವುದು, ಇಲ್ಲವೇ ಏನನ್ನೂ ತಿಳಿಸದೆ ಸುಮ್ಮನಾಗುವುದು. ಕಾನೂನಿನ ದೃಷ್ಟಿಯಿಂದ ಇವೆರಡೂ ಕಟ್ಟಕಡೆಯ ದಾರಿಗಳು. ಇವುಗಳ ನಡುವೆ ಕನಿಷ್ಠ ನಾಲ್ಕು ಬೇರೆ ದಾರಿಗಳಿವೆ, ಮತ್ತು ಒಮ್ಮೆ ಒಪ್ಪಂದ ಮುಗಿದ ಮೇಲೆ ಅವುಗಳಲ್ಲಿ ಯಾವುದಕ್ಕೂ ಹಿಂತಿರುಗಲಾಗುವುದಿಲ್ಲ.

ಮೊದಲು ತಿಳಿದಿರಬೇಕಾದ ಕಾನೂನುಗಳು

ಯುದ್ಧಕಾಲದ ಉದ್ಯೋಗ ಸಂಬಂಧಗಳಿಗೆ ಮುಖ್ಯ ಆಧಾರ 2022ರ ಮಾರ್ಚ್ 15ರ 2136ನೇ ಸಂಖ್ಯೆಯ ಕಾನೂನು. ಸೇನಾ ಕಾನೂನು ಇರುವವರೆಗೆ ಇದು ಕಾರ್ಮಿಕ ಸಂಹಿತೆಯ ಹಲವು ವಿಧಿಗಳನ್ನು ಬದಿಗಿರಿಸಿ ತಾನೇ ಅನ್ವಯವಾಗುತ್ತದೆ. ಅದೇ ದಿನ ಅಂಗೀಕಾರವಾದ 2126ನೇ ಕಾನೂನು 2017ರ ಶಿಕ್ಷಣ ಕಾನೂನಿಗೆ 57-1ನೇ ವಿಧಿಯನ್ನು ಸೇರಿಸಿತು. ಶಿಕ್ಷಕರ ಮಟ್ಟಿಗೆ ಈ ವಿಧಿಯೇ ಬೆನ್ನೆಲುಬು: ಯುದ್ಧದಿಂದಾಗಿ ವಾಸಸ್ಥಳ ಅಥವಾ ಕೆಲಸದ ಸ್ಥಳ ಬಿಡಬೇಕಾಗಿ ಬಂದ ಶಿಕ್ಷಕರಿಗೆ ಕೆಲಸದ ಸ್ಥಾನ ಹಾಗೂ ಸರಾಸರಿ ವೇತನ ಉಳಿಯಬೇಕು, ಬೋಧನೆಯನ್ನು ದೂರಪಾಠದ ರೂಪದಲ್ಲಿ ಅಥವಾ ಸುರಕ್ಷಿತವಾದ ಬೇರೆ ಯಾವುದೇ ರೂಪದಲ್ಲಿ ನಡೆಸಬೇಕು ಎಂದು ಅದು ಹೇಳುತ್ತದೆ. ಸಾಮಾನ್ಯ ಕಾರ್ಮಿಕರಿಗೆ ಇಂಥ ಭರವಸೆ ಇಲ್ಲ. ಆದ್ದರಿಂದ ಕಾರ್ಖಾನೆಯ ಉದ್ಯೋಗಿಗೆ ಅನ್ವಯಿಸುವ ಸಲಹೆಯನ್ನು ಶಿಕ್ಷಕಿಗೆ ಹಾಗೆಯೇ ಕೊಡುವುದು ತಪ್ಪಾಗುತ್ತದೆ.

2022ರ ಜುಲೈ 19ರಂದು ಜಾರಿಗೆ ಬಂದ 2352ನೇ ಕಾನೂನು ಈ ಚೌಕಟ್ಟಿನಲ್ಲಿ ಗಣನೀಯ ಬದಲಾವಣೆ ತಂದಿತು. ಅದಕ್ಕಿಂತ ಮೊದಲು ಬರೆದ ಮಾರ್ಗಸೂಚಿಗಳು ಅಂತರ್ಜಾಲದಲ್ಲಿ ಇನ್ನೂ ಹರಿದಾಡುತ್ತಿವೆ. ಅವುಗಳ ದಿನಾಂಕ ನೋಡದೆ ಅವನ್ನು ನಂಬಬಾರದು.

ಹಂತ 1: ಶಾಲೆಯೊಂದಿಗೆ ಸಂಪರ್ಕವನ್ನು ಲಿಖಿತವಾಗಿ ಉಳಿಸಿಕೊಳ್ಳುವುದು

ಸುರಕ್ಷಿತ ಸ್ಥಳ ತಲುಪಿದೊಡನೆ ಮುಖ್ಯೋಪಾಧ್ಯಾಯರಿಗೆ ಅಥವಾ ಶಾಲೆಯ ಆಡಳಿತಕ್ಕೆ ಬರಹದಲ್ಲಿ ತಿಳಿಸಬೇಕಾದ ಸಂಗತಿಗಳು ಮೂರು: ತಾನು ಎಲ್ಲಿದ್ದೇನೆ, ಕೆಲಸಕ್ಕೆ ಬರಲಾಗದಿರಲು ಕಾರಣವೇನು, ದೂರದಿಂದ ಪಾಠ ಮಾಡಲು ಸಾಧ್ಯವಿದೆಯೇ ಇಲ್ಲವೇ. ಇಮೇಲ್ ಅಥವಾ ಮೆಸೆಂಜರ್ ಸಂದೇಶವೂ ಸಾಕು, ಆದರೆ ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ಫೋನಿನಲ್ಲಿ ಆಡಿದ ಮಾತು ಆರು ತಿಂಗಳ ನಂತರ ಯಾರಿಗೂ ನೆನಪಿರುವುದಿಲ್ಲ.

ಈ ಹಂತವನ್ನು ಬಿಟ್ಟರೆ ಏನಾಗುತ್ತದೆ ಎಂಬುದನ್ನು 2352ನೇ ಕಾನೂನು ಸ್ಪಷ್ಟವಾಗಿ ಹೇಳಿದೆ. ಅದು ಕಾರ್ಮಿಕ ಸಂಹಿತೆಯ 36ನೇ ವಿಧಿಗೆ ಹೊಸ ಕಾರಣವೊಂದನ್ನು ಸೇರಿಸಿತು: ಉದ್ಯೋಗಿ ಸತತ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಕೆಲಸಕ್ಕೆ ಬಾರದಿದ್ದು, ಬಾರದಿರುವ ಕಾರಣದ ಬಗ್ಗೆ ಮಾಹಿತಿಯೂ ಇಲ್ಲದಿದ್ದರೆ ಒಪ್ಪಂದವನ್ನು ಕೊನೆಗೊಳಿಸಬಹುದು. ಇಲ್ಲಿ ಎರಡು ಷರತ್ತುಗಳೂ ಒಟ್ಟಿಗೆ ಇರಬೇಕು. ಗೈರುಹಾಜರಿ ಇದ್ದು ಅದರ ಕಾರಣ ಶಾಲೆಗೆ ಗೊತ್ತಿದ್ದರೆ ಈ ಕಾರಣ ನಿಲ್ಲುವುದಿಲ್ಲ. ಹೀಗಾಗಿ ಎರಡು ಸಾಲಿನ ಒಂದು ಸಂದೇಶ ಒಂದು ಹುದ್ದೆಯನ್ನೇ ಉಳಿಸಬಲ್ಲದು.

ಶಾಲೆಯೇ ಬೇರೆಡೆಗೆ ಸ್ಥಳಾಂತರಗೊಂಡಿದ್ದರೆ ಪತ್ರವನ್ನು ಅದರ ಹೊಸ ವಿಳಾಸಕ್ಕೆ ಕಳುಹಿಸಬೇಕು. ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಹಳೆಯ ಉದಾಹರಣೆಗಳೇ ಇವೆ: ದೊನೆತ್ಸ್ಕ್ ರಾಷ್ಟ್ರೀಯ ವಿಶ್ವವಿದ್ಯಾಲಯ 2014ರಲ್ಲೇ ವಿನ್ನಿತ್ಸಿಯಾಕ್ಕೆ ಹೋಯಿತು, ಮರಿಯುಪೋಲ್ ರಾಜ್ಯ ವಿಶ್ವವಿದ್ಯಾಲಯ 2022ರಲ್ಲಿ ಕೀವ್‌ಗೆ ಬಂದಿತು. ಕಟ್ಟಡ ಕೈತಪ್ಪಿದರೂ ಸಂಸ್ಥೆ ಕಾನೂನುಬದ್ಧವಾಗಿ ಉಳಿದಿದ್ದರೆ ಉದ್ಯೋಗ ಒಪ್ಪಂದವೂ ಉಳಿದಿರುತ್ತದೆ.

ಹಂತ 2: ಆಂತರಿಕ ಸ್ಥಳಾಂತರಿತರಾಗಿ ನೋಂದಣಿ

ದೇಶದೊಳಗೇ ಬೇರೆ ಊರಿಗೆ ಬಂದವರಿಗೆ 2014ರ ಅಕ್ಟೋಬರ್ 20ರ 1706ನೇ ಕಾನೂನು ಅನ್ವಯಿಸುತ್ತದೆ. ಕ್ರಿಮಿಯಾ ಮತ್ತು ದೊನ್‌ಬಾಸ್‌ನಿಂದ ಬಂದವರಿಗಾಗಿ ಮಾಡಿದ ಈ ಕಾನೂನೇ 2022ರ ನಂತರ ಲಕ್ಷಾಂತರ ಮಂದಿಗೆ ಆಸರೆಯಾಯಿತು. ಸಮಾಜ ಕಲ್ಯಾಣ ಕಚೇರಿ, ಆಡಳಿತ ಸೇವಾ ಕೇಂದ್ರ ಅಥವಾ ಸರ್ಕಾರದ ದೀಯಾ ಆ್ಯಪ್ ಮೂಲಕ ನೋಂದಾಯಿಸಿಕೊಂಡು ಪ್ರಮಾಣಪತ್ರ ಪಡೆಯಬಹುದು. 2022ರ ಮಾರ್ಚ್ 20ರ 332ನೇ ಸರ್ಕಾರಿ ನಿರ್ಣಯವು ವಸತಿ ನೆರವಾಗಿ ವಯಸ್ಕರಿಗೆ ತಿಂಗಳಿಗೆ 2,000 ಹ್ರಿವ್ನಿಯಾ (ಉಕ್ರೇನಿನ ಹಣ), ಮಕ್ಕಳಿಗೆ ಮತ್ತು ಅಂಗವಿಕಲರಿಗೆ 3,000 ಹ್ರಿವ್ನಿಯಾ ನಿಗದಿಪಡಿಸಿತು. ಆದರೆ ಯಾರಿಗೆ ಇದು ಮುಂದುವರಿಯುತ್ತದೆ ಎಂಬ ಷರತ್ತುಗಳು ಆಮೇಲೆ ಬಿಗಿಯಾಗಿವೆ.

ಉದ್ಯೋಗದ ಮಟ್ಟಿಗೆ ಈ ಪ್ರಮಾಣಪತ್ರದ ಬೆಲೆ ನೆರವಿನ ಹಣಕ್ಕಿಂತ ಹೆಚ್ಚು. ವೇತನರಹಿತ ರಜೆಯನ್ನು ಹಕ್ಕಾಗಿ ಕೇಳಲು ಇದು ಆಧಾರ. ಕೆಲಸ ಬಿಟ್ಟಿದ್ದನ್ನು ಅಥವಾ ಸೇವಾವಧಿಯನ್ನು ತೋರಿಸುವ ದಾಖಲೆಗಳು ಕೈಯಲ್ಲಿಲ್ಲದಿದ್ದರೂ ಉದ್ಯೋಗ ಕೇಂದ್ರದಲ್ಲಿ ನಿರುದ್ಯೋಗಿಯಾಗಿ ನೋಂದಾಯಿಸಿಕೊಳ್ಳಲು 1706ನೇ ಕಾನೂನು ಸ್ಥಳಾಂತರಿತರಿಗೆ ಅವಕಾಶ ಕೊಡುತ್ತದೆ. ಸಂಬಳ ಬರುತ್ತಿದೆಯಲ್ಲ, ನೋಂದಣಿ ಯಾಕೆ ಎಂದು ಹಲವರು ಮುಂದೂಡುತ್ತಾರೆ, ಮುಂದೂಡದಿರುವುದೇ ಲೇಸು.

ಹಂತ 3: ಒಪ್ಪಂದವನ್ನು ಯಾವ ಸ್ಥಿತಿಯಲ್ಲಿ ಇಡಬೇಕೆಂದು ನಿರ್ಧರಿಸುವುದು

ಇಡೀ ಪ್ರಕ್ರಿಯೆಯಲ್ಲಿ ಅತಿ ಹೆಚ್ಚು ಯೋಚಿಸಬೇಕಾದ ಹಂತ ಇದು. ಶಾಲೆ ಮುಂದಿಟ್ಟ ಕಾಗದಕ್ಕೆ ಸಹಿ ಹಾಕುವ ಮೊದಲು, ಅದು ಕೆಳಗಿನವುಗಳಲ್ಲಿ ಯಾವುದು ಎಂದು ಗುರುತಿಸಬೇಕು. ಹೊರನೋಟಕ್ಕೆ ಎಲ್ಲವೂ ‘ಸದ್ಯಕ್ಕೆ ಕೆಲಸವಿಲ್ಲ’ ಎಂಬಂತೆ ಕಂಡರೂ ಹಣ ಮತ್ತು ಸೇವಾವಧಿಯ ಲೆಕ್ಕದಲ್ಲಿ ಅವುಗಳ ನಡುವೆ ಅಜಗಜಾಂತರವಿದೆ.

ಮೊದಲನೆಯದು ದೂರದಿಂದ ಪಾಠ ಮಾಡುವುದು. ಕಾರ್ಮಿಕ ಸಂಹಿತೆಯ 60-2ನೇ ವಿಧಿ ದೂರದ ಕೆಲಸವನ್ನು ಮಾನ್ಯ ಮಾಡುತ್ತದೆ, ಶಿಕ್ಷಣ ಕಾನೂನಿನ 57-1ನೇ ವಿಧಿ ಅದಕ್ಕೆ ಬಲ ಕೊಡುತ್ತದೆ. ಇಲ್ಲಿ ಶಿಕ್ಷಕಿ ಮಾಡಿದ ಪಾಠಗಳಿಗೆ ಪೂರ್ಣ ವೇತನ ಸಿಗುತ್ತದೆ. 2020ರ ಸಾಮಾನ್ಯ ಪ್ರೌಢ ಶಿಕ್ಷಣ ಕಾನೂನಿನ ಪ್ರಕಾರ ಶಾಲಾ ಶಿಕ್ಷಕರ ಒಂದು ಪೂರ್ಣ ವೇತನಘಟಕಕ್ಕೆ, ಅಂದರೆ ಪೂರ್ಣಾವಧಿ ಹುದ್ದೆಯ ಸಂಬಳಕ್ಕೆ, ವಾರಕ್ಕೆ 18 ಬೋಧನಾ ಗಂಟೆಗಳ ಕೆಲಸವಿರಬೇಕು. ಮಕ್ಕಳ ಸಂಖ್ಯೆ ಇಳಿದು ಗಂಟೆಗಳು ಕಡಿಮೆಯಾದರೆ ಸಂಬಳವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಪುರುಷ ಶಿಕ್ಷಕರು ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ಶಾಲಾ ಶಿಕ್ಷಕರಿಗೆ ಸೇನಾ ಭರ್ತಿಯಿಂದ ಸಿಗುವ ಮುಂದೂಡಿಕೆಗೆ, ಅದು ಅವರ ಮುಖ್ಯ ಉದ್ಯೋಗವಾಗಿರಬೇಕು ಮತ್ತು ಕೆಲಸದ ಹೊರೆ ಕನಿಷ್ಠ 0.75 ವೇತನಘಟಕದಷ್ಟಿರಬೇಕು. ಗಂಟೆಗಳ ಕಡಿತಕ್ಕೆ ಸುಲಭವಾಗಿ ಒಪ್ಪಿಕೊಂಡವರಿಗೆ ಇದರ ಪರಿಣಾಮ ಸಂಬಳದ ಚೀಟಿಗಷ್ಟೇ ಸೀಮಿತವಾಗುವುದಿಲ್ಲ.

ಎರಡನೆಯದು ಕೆಲಸವಿಲ್ಲದ ಅವಧಿ ಎಂದು ಘೋಷಿಸುವುದು. ಶಾಲೆಗೆ ಪಾಠ ನಡೆಸಲು ಸಾಧ್ಯವಾಗದೆ, ಆದರೆ ನೌಕರರು ಸಿದ್ಧರಿರುವಾಗ ಮುಖ್ಯಸ್ಥರು ಈ ಆದೇಶ ಹೊರಡಿಸುತ್ತಾರೆ. ಕಾರ್ಮಿಕ ಸಂಹಿತೆಯ 113ನೇ ವಿಧಿಯಂತೆ ನೌಕರರ ತಪ್ಪಿಲ್ಲದ ಇಂಥ ಅವಧಿಗೆ ಮೂಲ ವೇತನದ ಮೂರನೇ ಎರಡು ಭಾಗಕ್ಕಿಂತ ಕಡಿಮೆ ಕೊಡುವಂತಿಲ್ಲ. ಸರ್ಕಾರಿ ಅನುದಾನಿತ ಸಂಸ್ಥೆಗಳಿಗೆ 2022ರ ಮಾರ್ಚ್ 7ರ 221ನೇ ನಿರ್ಣಯವೂ ಇದನ್ನೇ ಹೇಳುತ್ತದೆ. ಮೂಲ ವೇತನದ ಮೇಲೆ ಈ ಲೆಕ್ಕ ನಡೆಯುವುದರಿಂದ ಭತ್ಯೆಗಳು ಸೇರಿದ ಹಿಂದಿನ ಸಂಬಳಕ್ಕೆ ಹೋಲಿಸಿದರೆ ಕಡಿತ ಇನ್ನೂ ಹೆಚ್ಚು ಎನಿಸುತ್ತದೆ. ದೂರಪಾಠ ನಡೆಯುತ್ತಿರುವ ಶಾಲೆಯಲ್ಲಿ ಸ್ಥಳಾಂತರಗೊಂಡವರನ್ನು ಮಾತ್ರ ಆರಿಸಿ ಈ ಪಟ್ಟಿಗೆ ಹಾಕಿದ್ದರೆ, ತಾನು ದೂರದಿಂದ ಪಾಠ ಮಾಡಲು ಸಿದ್ಧಳಿದ್ದೇನೆ ಎಂದು ಲಿಖಿತವಾಗಿ ತಿಳಿಸಿ, 57-1ನೇ ವಿಧಿಯನ್ನು ಉಲ್ಲೇಖಿಸಿ ಕಾರಣ ಕೇಳಬೇಕು.

ಮೂರನೆಯದು ರಜೆ. ಉಕ್ರೇನಿನ ಶಾಲಾ ಶಿಕ್ಷಕರಿಗೆ ವರ್ಷಕ್ಕೆ 56 ದಿನಗಳ ವೇತನಸಹಿತ ರಜೆ ಇದೆ, ಆದರೆ ಸೇನಾ ಕಾನೂನು ಇರುವಾಗ ಉದ್ಯೋಗದಾತರು ಅದನ್ನು 24 ದಿನಗಳಿಗೆ ಮಿತಿಗೊಳಿಸಬಹುದು. ಅದಕ್ಕಿಂತ ಮುಖ್ಯವಾದದ್ದು ವೇತನರಹಿತ ರಜೆ. 2136ನೇ ಕಾನೂನಿನ 12ನೇ ವಿಧಿಯ ಪ್ರಕಾರ, ದೇಶ ಬಿಟ್ಟು ಹೋದ ಅಥವಾ ಆಂತರಿಕ ಸ್ಥಳಾಂತರಿತ ಸ್ಥಾನ ಪಡೆದ ಉದ್ಯೋಗಿ ಕೇಳಿದರೆ ಹೆಚ್ಚೆಂದರೆ 90 ದಿನಗಳ ವೇತನರಹಿತ ರಜೆಯನ್ನು ಉದ್ಯೋಗದಾತರು ಕೊಡಲೇಬೇಕು. ಅದಕ್ಕಿಂತ ದೀರ್ಘವಾದ ವೇತನರಹಿತ ರಜೆಯನ್ನೂ ಕೊಡಲು ಅವಕಾಶವಿದೆ, ಆದರೆ ಅದು ಉದ್ಯೋಗದಾತರ ಇಚ್ಛೆಗೆ ಬಿಟ್ಟದ್ದು. ಈ 90 ದಿನಗಳು ವಾರ್ಷಿಕ ರಜೆ ಗಳಿಸುವ ಸೇವಾವಧಿಗೆ ಸೇರುವುದಿಲ್ಲ. ಇನ್ನೊಂದು ಎಚ್ಚರಿಕೆ: ವೇತನರಹಿತ ರಜೆಗೆ ಶಿಕ್ಷಕಿಯೇ ಅರ್ಜಿ ಹಾಕಬೇಕು. ‘ಎಲ್ಲರೂ ಬರೆದುಕೊಡಿ’ ಎಂದು ಶಾಲೆ ಒತ್ತಾಯಿಸಿದರೆ ಅದು ಹಕ್ಕಾಗಿ ಉಳಿಯದೆ ಸಂಬಳ ತಪ್ಪಿಸುವ ಉಪಾಯವಾಗುತ್ತದೆ, ಮತ್ತು ಬರೆದುಕೊಡದಿರಲು ಶಿಕ್ಷಕಿಗೆ ಸ್ವಾತಂತ್ರ್ಯವಿದೆ.

ನಾಲ್ಕನೆಯದು ಒಪ್ಪಂದದ ತಾತ್ಕಾಲಿಕ ಸ್ಥಗಿತ. 2136ನೇ ಕಾನೂನಿನ 13ನೇ ವಿಧಿ ತಂದ ಈ ವ್ಯವಸ್ಥೆಯಲ್ಲಿ ಉದ್ಯೋಗ ಸಂಬಂಧ ಮುರಿಯುವುದಿಲ್ಲ, ಆದರೆ ಕೆಲಸವೂ ಇರುವುದಿಲ್ಲ, ಉದ್ಯೋಗದಾತರಿಂದ ಸಂಬಳವೂ ಬರುವುದಿಲ್ಲ. ಆ ಅವಧಿಯ ವೇತನದ ಪರಿಹಾರವನ್ನು ದಾಳಿ ಮಾಡಿದ ದೇಶದ ಮೇಲೆ ಹೊರಿಸಲಾಗಿದೆ. ಕಾಗದದ ಮೇಲೆ ಇದು ನ್ಯಾಯವಾಗಿ ಕಂಡರೂ ಈ ತಿಂಗಳ ಬಾಡಿಗೆಗೆ ಒದಗುವ ಹಣವಲ್ಲ. ಇದಕ್ಕೆ ಕಾನೂನು ಹಾಕಿದ ಷರತ್ತು ಕಠಿಣವಾಗಿದೆ: ಯುದ್ಧದಿಂದಾಗಿ ಉದ್ಯೋಗದಾತರಿಗೆ ಕೆಲಸ ಕೊಡಲು ಮತ್ತು ಉದ್ಯೋಗಿಗೆ ಕೆಲಸ ಮಾಡಲು, ಇಬ್ಬರಿಗೂ ಸಾಧ್ಯವಿಲ್ಲದಂತಾಗಿರಬೇಕು. ಇಂಟರ್ನೆಟ್ ಮೂಲಕ ಪಾಠ ನಡೆಯುತ್ತಿರುವ ಶಾಲೆಯಲ್ಲಿ ಈ ಷರತ್ತು ಈಡೇರಿದೆ ಎಂದು ತೋರಿಸುವುದು ಬಹಳ ಕಷ್ಟ. ಉಕ್ರೇನಿನ ಸರ್ವೋಚ್ಚ ನ್ಯಾಯಾಲಯವೂ ಈ ವಿಧಿಯನ್ನು ಬಿಗಿಯಾಗಿಯೇ ಓದಿದ್ದು, ಅಸಾಧ್ಯತೆ ಸಂಪೂರ್ಣವಾಗಿರಬೇಕು ಎಂಬ ನಿಲುವು ತಳೆದಿದೆ. ಆದೇಶದಲ್ಲಿ ಸ್ಥಗಿತದ ಕಾರಣ, ಅವಧಿ, ಪರಸ್ಪರ ಮಾಹಿತಿ ತಿಳಿಸುವ ವಿಧಾನ, ಕೆಲಸ ಮತ್ತೆ ಆರಂಭಿಸುವ ಷರತ್ತು ಇರಬೇಕು. ಇವು ಇಲ್ಲದ ಆದೇಶವನ್ನು, ಕಾರ್ಮಿಕ ಕಾನೂನಿನ ಪಾಲನೆಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ರಾಜ್ಯ ಕಾರ್ಮಿಕ ಸೇವೆಯ ಮುಂದೆ ಪ್ರಶ್ನಿಸಬಹುದು. ಒಪ್ಪಂದ ಸ್ಥಗಿತದಲ್ಲಿರುವಾಗ ಬೇರೆ ಕಡೆ ಕೆಲಸ ಮಾಡಲು ಅಡ್ಡಿಯಿಲ್ಲ.

ಕೊನೆಯದು ರಾಜೀನಾಮೆ. ಸಾಮಾನ್ಯವಾಗಿ ಎರಡು ವಾರಗಳ ಮುನ್ಸೂಚನೆ ಬೇಕು. ಆದರೆ ಶಾಲೆಯಿರುವ ಪ್ರದೇಶದಲ್ಲಿ ಕಾದಾಟ ನಡೆಯುತ್ತಿದ್ದು ಜೀವಕ್ಕೆ ಅಪಾಯವಿದ್ದರೆ, ಅರ್ಜಿಯಲ್ಲಿ ತಾನೇ ಬರೆದ ದಿನಾಂಕದಿಂದ ಕೆಲಸ ಬಿಡಲು 2136ನೇ ಕಾನೂನಿನ 4ನೇ ವಿಧಿ ಅವಕಾಶ ಕೊಡುತ್ತದೆ. ಬೇರೆ ಊರಿಗೆ ವಾಸ ಬದಲಿಸಿದ್ದು ಕಾರ್ಮಿಕ ಸಂಹಿತೆಯ 38ನೇ ವಿಧಿಯಡಿ ಸಕಾರಣವೇ ಆಗಿರುವುದರಿಂದ ಆಗಲೂ ಕೇಳಿದ ದಿನಾಂಕದಿಂದಲೇ ಬಿಡುಗಡೆ ಸಿಗಬೇಕು. ಬಿಡುಗಡೆಯ ದಿನ ಬಾಕಿ ವೇತನ, ಬಳಸದ ರಜೆಯ ಪರಿಹಾರ ಮತ್ತು ಆದೇಶದ ಪ್ರತಿ ದೊರೆಯಬೇಕು. ಹೊಸ ಶಾಲೆಯಲ್ಲಿ ಖಾಯಂ ಹುದ್ದೆ ಖಚಿತವಾಗುವವರೆಗೆ ಈ ಹೆಜ್ಜೆ ಇಡದಿರುವುದು ವಿವೇಕ ಎಂಬುದು ನನ್ನ ಅಭಿಪ್ರಾಯ.

ಶಾಲೆಯೇ ತೆಗೆದುಹಾಕುವ ಸಂದರ್ಭವೂ ಇದೆ. ಕಟ್ಟಡ ಮತ್ತು ಸೌಕರ್ಯಗಳು ಕಾದಾಟದಲ್ಲಿ ನಾಶವಾಗಿ ಕೆಲಸ ಕೊಡಲು ಸಾಧ್ಯವಿಲ್ಲದಿದ್ದರೆ 10 ದಿನಗಳ ಮುನ್ಸೂಚನೆ ಕೊಟ್ಟು ಒಪ್ಪಂದ ಮುಗಿಸಲು 2352ನೇ ಕಾನೂನು ದಾರಿ ಮಾಡಿತು. ಕಟ್ಟಡ ಕುಸಿದಿದ್ದರೂ ದೂರಪಾಠ ನಡೆಯುತ್ತಿದ್ದರೆ ಈ ಕಾರಣ ನಿಲ್ಲುತ್ತದೆಯೇ ಎಂಬುದನ್ನು ಪ್ರಶ್ನಿಸದೆ ಬಿಡಬಾರದು.

ಹಂತ 4: ದಾಖಲೆಗಳನ್ನು ಮತ್ತೆ ಕಟ್ಟುವುದು

ಶಿಕ್ಷಕರ ಸಂಬಳ ಪದವಿ, ದರ್ಜೆ ಮತ್ತು ಸೇವಾವಧಿಯ ಮೇಲೆ ನಿಂತಿರುವುದರಿಂದ ಕಾಗದ ಕಳೆದುಕೊಂಡವರು ಹಣವನ್ನೂ ಕಳೆದುಕೊಳ್ಳುತ್ತಾರೆ. ಶಿಕ್ಷಣ ಕಾನೂನಿನಂತೆ ಬೋಧನಾ ಸೇವೆ ಮೂರು ವರ್ಷ ದಾಟಿದರೆ ಶೇ 10, ಹತ್ತು ವರ್ಷ ದಾಟಿದರೆ ಶೇ 20, ಇಪ್ಪತ್ತು ವರ್ಷ ದಾಟಿದರೆ ಶೇ 30ರಷ್ಟು ಸೇವಾ ಭತ್ಯೆ ಇದೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದವರು ಅದನ್ನು ಸಾಬೀತುಪಡಿಸಲಾಗದೆ ಹೊಸಬರ ಸಂಬಳಕ್ಕೆ ಸೇರುವಂತಾಗಬಾರದು.

ಸೇವಾ ಪುಸ್ತಕ ಹಳೆಯ ಊರಿನಲ್ಲಿ ಉಳಿದಿದ್ದರೆ ಪಿಂಚಣಿ ನಿಧಿಯ ವಿದ್ಯುನ್ಮಾನ ಜಾಲತಾಣದಿಂದ ಆರಂಭಿಸಬೇಕು. 2021ರ ಜೂನ್ 10ರಿಂದ ಜಾರಿಯಲ್ಲಿರುವ 1217ನೇ ಕಾನೂನು ಸೇವಾ ದಾಖಲೆಯನ್ನು ಡಿಜಿಟಲ್ ರೂಪಕ್ಕೆ ತರುತ್ತಿದೆ, ಮತ್ತು ಅಲ್ಲಿ ಸಿಗುವ ಓಕೆ-5, ಓಕೆ-7 ನಮೂನೆಗಳು ಯಾವ ಸಂಸ್ಥೆ ಯಾವ ತಿಂಗಳು ವಿಮಾ ಕಂತು ಕಟ್ಟಿದೆ ಎಂಬುದನ್ನು ತೋರಿಸುತ್ತವೆ. ಹಿಂದಿನ ದಶಕಗಳ ಸೇವೆ ಅದರಲ್ಲಿ ಪೂರ್ತಿ ಇಲ್ಲದಿದ್ದರೆ ಆದೇಶಗಳ ಪ್ರತಿ, ಸಂಬಳದ ಚೀಟಿ, ಬ್ಯಾಂಕ್ ಲೆಕ್ಕ, ಸ್ಥಳಾಂತರಗೊಂಡ ಶಿಕ್ಷಣ ಇಲಾಖೆಯ ಪತ್ರ ಇವೆಲ್ಲವನ್ನೂ ಕೂಡಿಸಬೇಕು. ಪದವಿ ಪ್ರಮಾಣಪತ್ರವನ್ನು ಶಿಕ್ಷಣದ ಏಕೀಕೃತ ರಾಜ್ಯ ದತ್ತಸಂಚಯದಲ್ಲಿ ಹುಡುಕಬಹುದು. ಹಳೆಯದಾದರೆ ಆ ವಿಶ್ವವಿದ್ಯಾಲಯದ ಈಗಿನ ವಿಳಾಸಕ್ಕೆ ಬರೆಯಬೇಕು.

ಅರ್ಹತಾ ದರ್ಜೆಯ ಬಗ್ಗೆ ಅನೇಕರಿಗೆ ಅನಗತ್ಯ ಆತಂಕವಿರುತ್ತದೆ. ತಜ್ಞ, ಎರಡನೇ ದರ್ಜೆ, ಮೊದಲ ದರ್ಜೆ, ಅತ್ಯುನ್ನತ ದರ್ಜೆ ಎಂಬ ಶ್ರೇಣಿಗಳೂ ಹಿರಿಯ ಶಿಕ್ಷಕ ಮೊದಲಾದ ಬಿರುದುಗಳೂ ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋದಾಗ ಮುಂದಿನ ಮೌಲ್ಯಮಾಪನದವರೆಗೆ ಹಾಗೆಯೇ ಉಳಿಯುತ್ತವೆ. ಸೇರುವಾಗ ಮೌಲ್ಯಮಾಪನದ ಹಾಳೆಯ ಪ್ರತಿ ಕೊಡಬೇಕು.

ಆಕ್ರಮಿತ ಪ್ರದೇಶದಿಂದ ಬಂದವರಿಗೆ ಇನ್ನೊಂದು ಮಾತು. ಅಲ್ಲಿನ ಆಕ್ರಮಣಕಾರಿ ಆಡಳಿತ ಕೊಟ್ಟ ಉದ್ಯೋಗ ದಾಖಲೆಗಳಿಗೆ ಉಕ್ರೇನಿನಲ್ಲಿ ಮಾನ್ಯತೆ ಇಲ್ಲ. 2022ರ ಮಾರ್ಚ್‌ನಲ್ಲಿ ಅಪರಾಧ ಸಂಹಿತೆಗೆ ಸೇರಿದ 111-1ನೇ ವಿಧಿಯು ಶಾಲೆಗಳಲ್ಲಿ ದಾಳಿಕೋರ ದೇಶದ ಪ್ರಚಾರ ಮಾಡುವುದನ್ನು ಮತ್ತು ಅದರ ಶಿಕ್ಷಣ ಮಾನದಂಡಗಳನ್ನು ಜಾರಿಗೊಳಿಸುವುದನ್ನು ಅಪರಾಧವೆನ್ನುತ್ತದೆ. ಮೂರು ವರ್ಷಗಳವರೆಗೆ ಜೈಲು ಮತ್ತು 10ರಿಂದ 15 ವರ್ಷ ಹುದ್ದೆ ಹೊಂದುವ ಹಕ್ಕಿನ ನಷ್ಟ ಅದಕ್ಕಿರುವ ಶಿಕ್ಷೆಗಳಲ್ಲಿ ಸೇರಿವೆ. ಆಕ್ರಮಣದಡಿ ಸಿಲುಕಿದ್ದ ಅವಧಿಯ ಬಗ್ಗೆ ಪ್ರಶ್ನೆ ಬರಬಹುದಾದವರು ಯಾವುದೇ ಹೇಳಿಕೆ ಬರೆಯುವ ಮೊದಲು ಉಚಿತ ಕಾನೂನು ನೆರವು ಕೇಂದ್ರದ ವಕೀಲರನ್ನು ಕಾಣಬೇಕು. ಇದನ್ನು ಸ್ನೇಹಿತರ ಸಲಹೆಯ ಮೇಲೆ ನಿರ್ಧರಿಸುವಂತಿಲ್ಲ.

ಹಂತ 5: ಹೊಸ ಊರಿನ ಶಾಲೆಯನ್ನು ಸೇರುವುದು

ಹಳೆಯ ಒಪ್ಪಂದ ಇರುವಾಗಲೇ ಹೊಸ ಶಾಲೆಯಲ್ಲಿ ಎರಡನೇ ಉದ್ಯೋಗವಾಗಿ ಕೆಲಸ ಮಾಡಬಹುದು. ಹಾಗೆ ಸೇರುವಾಗ ಯಾವುದು ಮುಖ್ಯ ಉದ್ಯೋಗ, ಯಾವುದು ಎರಡನೆಯದು ಎಂದು ಒಪ್ಪಂದದಲ್ಲಿ ಸ್ಪಷ್ಟವಾಗಿರಲಿ, ಮತ್ತು ಎರಡು ಶಾಲೆಗಳ ವೇಳಾಪಟ್ಟಿಗಳು ಒಂದರ ಮೇಲೊಂದು ಬೀಳದಿರಲಿ.

ಹೊಸ ಒಪ್ಪಂದದಲ್ಲಿ ಎರಡು ಅಂಶಗಳನ್ನು ವಿಶೇಷವಾಗಿ ಓದಬೇಕು. ಮೊದಲನೆಯದು ಪರೀಕ್ಷಾರ್ಥ ಅವಧಿ. ಕಾರ್ಮಿಕ ಸಂಹಿತೆಯ 26ನೇ ವಿಧಿಯಂತೆ ಆಂತರಿಕ ಸ್ಥಳಾಂತರಿತರಿಗೆ ಪರೀಕ್ಷಾರ್ಥ ಅವಧಿ ವಿಧಿಸುವಂತಿರಲಿಲ್ಲ; ಯುದ್ಧಕಾಲದ 2136ನೇ ಕಾನೂನು ಯಾವ ವರ್ಗದ ಉದ್ಯೋಗಿಗಾದರೂ ಅದನ್ನು ವಿಧಿಸಲು ಅನುಮತಿಸಿ ಆ ರಕ್ಷಣೆಯನ್ನು ಸದ್ಯಕ್ಕೆ ತೆಗೆದುಹಾಕಿದೆ. ಎರಡನೆಯದು ಒಪ್ಪಂದದ ಅವಧಿ. ಗೈರುಹಾಜರಾದ ಶಿಕ್ಷಕರ ಜಾಗಕ್ಕೆ ನಿಗದಿತ ಅವಧಿಗೆ ಮಾತ್ರ ನೇಮಿಸಲು ಅದೇ ಕಾನೂನು ಅವಕಾಶ ಕೊಡುತ್ತದೆ. ಅಂದರೆ ಆ ಜಾಗದ ಮೂಲ ಶಿಕ್ಷಕಿ, ಅವಳೂ ಬಹುಶಃ ಎಲ್ಲೋ ಸ್ಥಳಾಂತರಿತಳೇ, ಹಿಂತಿರುಗಿದ ದಿನ ಈ ಕೆಲಸ ಮುಗಿಯುತ್ತದೆ. ಪಿಂಚಣಿ ಪಡೆಯುತ್ತಿರುವ ಶಿಕ್ಷಕರ ಒಪ್ಪಂದಗಳು ಒಂದರಿಂದ ಮೂರು ವರ್ಷಗಳ ಅವಧಿಯವೇ ಆಗಿರಬೇಕೆಂಬ ನಿಯಮ ಹಿಂದೆ ಇತ್ತು; ಅದನ್ನು ಸಾಂವಿಧಾನಿಕ ನ್ಯಾಯಾಲಯ 2023ರಲ್ಲಿ ಅಸಾಂವಿಧಾನಿಕವೆಂದು ತೀರ್ಮಾನಿಸಿತು.

ಹಂತ 6: ದೇಶದ ಹೊರಗಿರುವವರಿಗೆ

ಐರೋಪ್ಯ ಒಕ್ಕೂಟವು 2001ರಲ್ಲಿ ರೂಪಿಸಿದ್ದ ತಾತ್ಕಾಲಿಕ ರಕ್ಷಣಾ ನಿರ್ದೇಶನವನ್ನು 2022ರ ಮಾರ್ಚ್ 4ರಂದು ಮೊದಲ ಬಾರಿಗೆ ಜಾರಿಗೊಳಿಸಿತು. ಈ ರಕ್ಷಣೆಯ ಅವಧಿಯನ್ನು 2027ರ ಮಾರ್ಚ್ 4ರವರೆಗೆ ವಿಸ್ತರಿಸಲಾಗಿದೆ. ರಕ್ಷಣೆ ಪಡೆದವರು ದುಡಿಯಬಹುದು, ಆದರೆ ಶಿಕ್ಷಕ ವೃತ್ತಿ ಒಕ್ಕೂಟದ ಬಹುತೇಕ ದೇಶಗಳಲ್ಲಿ ನಿಯಂತ್ರಿತ ವೃತ್ತಿಯಾದ್ದರಿಂದ ದುಡಿಯುವ ಹಕ್ಕು ತಾನಾಗಿಯೇ ಪಾಠ ಮಾಡುವ ಹಕ್ಕಾಗುವುದಿಲ್ಲ. ಅರ್ಹತೆಗೆ ಮಾನ್ಯತೆ ಪಡೆಯಬೇಕು. ದಾಖಲೆಗಳು ಅಪೂರ್ಣವಾಗಿದ್ದರೂ ಮಾನ್ಯತೆಯನ್ನು ಸರಳವಾಗಿ, ಬೇಗ ಕೊಡಬೇಕೆಂದು ಐರೋಪ್ಯ ಆಯೋಗ 2022ರ ಏಪ್ರಿಲ್ 5ರಂದು ಶಿಫಾರಸು ಮಾಡಿತು. ಅದು ಶಿಫಾರಸಷ್ಟೇ, ಪಾಲಿಸುವುದು ಆಯಾ ದೇಶಕ್ಕೆ ಬಿಟ್ಟದ್ದು. ಜರ್ಮನಿಯಲ್ಲಂತೂ ಶಿಕ್ಷಕರ ಅರ್ಹತೆಯನ್ನು ಪ್ರತಿ ರಾಜ್ಯವೂ ಬೇರೆಯಾಗಿ ನಿರ್ಧರಿಸುತ್ತದೆ.

ಆದ್ದರಿಂದ ಆರಂಭದಲ್ಲಿ ಸಹಾಯಕ ಹುದ್ದೆ ಹುಡುಕುವುದು ಹೆಚ್ಚು ಫಲ ಕೊಡುತ್ತದೆ. ಪೋಲೆಂಡ್ 2022ರ ಮಾರ್ಚ್ 12ರ ವಿಶೇಷ ಕಾನೂನಿನಲ್ಲಿ, ಉಕ್ರೇನಿ ಮಕ್ಕಳಿಗೆ ನೆರವಾಗುವಷ್ಟು ಪೋಲಿಷ್ ಮಾತು ಮತ್ತು ಬರಹ ಬಲ್ಲವರನ್ನು ಪೋಲಿಷ್ ಪೌರತ್ವವಿಲ್ಲದಿದ್ದರೂ ಶಿಕ್ಷಕರ ಸಹಾಯಕರಾಗಿ ನೇಮಿಸಲು ಅವಕಾಶ ಮಾಡಿತು.

ಇದೇ ಹೊತ್ತಿಗೆ ಉಕ್ರೇನಿನ ಶಾಲೆಗೆ ದೂರದಿಂದ ಪಾಠ ಮುಂದುವರಿಸುತ್ತಿರುವವರು ಒಂದು ವಿಷಯಕ್ಕೆ ಸಿದ್ಧರಿರಬೇಕು. ಶಾಲೆ ತರಗತಿಗಳನ್ನು ಮತ್ತೆ ಕೊಠಡಿಗಳಲ್ಲಿ ನಡೆಸಲು ನಿರ್ಧರಿಸಿದರೆ ಹಾಜರಾಗುವಂತೆ ಸೂಚನೆ ಬರುತ್ತದೆ. ಕೆಲಸದ ಮುಖ್ಯ ಷರತ್ತು ಬದಲಿಸಲು ಶಾಂತಿಕಾಲದಲ್ಲಿ ಬೇಕಾಗಿದ್ದ ಎರಡು ತಿಂಗಳ ಮುನ್ಸೂಚನೆ ಈಗ ಬೇಕಿಲ್ಲ. ಬದಲಾವಣೆ ಜಾರಿಗೆ ಬರುವ ಮೊದಲು ತಿಳಿಸಿದರೆ ಸಾಕು. ಹಿಂತಿರುಗಲಾಗದವರು ಸುಮ್ಮನಿರದೆ, ಮೂರನೇ ಹಂತದಲ್ಲಿ ಹೇಳಿದ 90 ದಿನಗಳ ರಜೆಯನ್ನು ಈ ಸಂದರ್ಭಕ್ಕಾಗಿ ಉಳಿಸಿಕೊಂಡಿದ್ದರೆ ಆಗ ಬಳಸಬಹುದು.

ಹಂತ 7: ಹಕ್ಕು ತಪ್ಪಿದಾಗ

ಸಂಬಳ ತಡವಾದರೆ ಮೊದಲು ತಿಳಿಯಬೇಕಾದದ್ದು 2136ನೇ ಕಾನೂನಿನ 10ನೇ ವಿಧಿ. ತಡವಾದದ್ದು ಯುದ್ಧದಿಂದಲೇ ಎಂದು ಉದ್ಯೋಗದಾತರು ಸಾಬೀತುಪಡಿಸಿದರೆ ತಡಕ್ಕಾಗಿ ದಂಡ ಬೀಳುವುದಿಲ್ಲ, ಆದರೆ ಸಂಬಳ ಕೊಡುವ ಹೊಣೆ ತಪ್ಪುವುದಿಲ್ಲ. ಸ್ಥಗಿತದ ಆದೇಶ, ಅಕ್ರಮ ಕಡಿತ, ಒತ್ತಾಯದ ರಜೆ ಇಂಥವುಗಳ ಬಗ್ಗೆ ರಾಜ್ಯ ಕಾರ್ಮಿಕ ಸೇವೆಗೆ ದೂರು ಕೊಡಬಹುದು. ಅಲ್ಲಿ ಪರಿಹಾರ ಸಿಗದಿದ್ದರೆ ಅಥವಾ ವಿಷಯ ವಜಾಕ್ಕೆ ಸಂಬಂಧಿಸಿದ್ದರೆ ನ್ಯಾಯಾಲಯಕ್ಕೆ ಹೋಗಬೇಕು. ಗಡುವುಗಳು ಚಿಕ್ಕವು. ಕಾರ್ಮಿಕ ಸಂಹಿತೆಯ 233ನೇ ವಿಧಿಯಂತೆ ವಜಾ ಪ್ರಕರಣಗಳಲ್ಲಿ ಆದೇಶದ ಪ್ರತಿ ಕೈಸೇರಿದ ದಿನದಿಂದ ಒಂದು ತಿಂಗಳು, ಉಳಿದ ಬಹುತೇಕ ವಿವಾದಗಳಲ್ಲಿ ಮೂರು ತಿಂಗಳು ಮಾತ್ರ ಕಾಲಾವಕಾಶವಿದೆ. ವೇತನ ವಸೂಲಿ ಮತ್ತು ಮರುನೇಮಕದ ದಾವೆಗಳಿಗೆ ನ್ಯಾಯಾಲಯ ಶುಲ್ಕ ಕಟ್ಟಬೇಕಾಗಿಲ್ಲ. ಆದೇಶ ಇಮೇಲ್‌ನಲ್ಲಿ ಬಂದಿದ್ದರೆ ಅದನ್ನು ಪಡೆದ ದಿನಾಂಕ ಕಾಣುವಂತೆ ಉಳಿಸಿಡಬೇಕು, ಏಕೆಂದರೆ ಆ ಒಂದು ತಿಂಗಳ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ.